ಫ್ರೆಂಚಿನಲ್ಲಿ ಕೇಳಿದ ಕ್ಷಮೆ

ಪಟ್ಟಣದ ಬಂದೀಖಾನೆ, ಬುರ್ಕಿನಾ
ಮಂಗಳವಾರ, 16 ಏಪ್ರಿಲ್ 2024

ಪ್ರೀತಿಯ ನನ್ನ ಕಿರಿಯ ಹೆಂಡತಿ ತಲಾತೋ,

(ಕಾವಲಿನವರು ಈ ಕಾಗದ ಒಡೆದು ನೋಡಿದರೆ ಅವರ ತಿಳಿವಳಿಕೆಗೆ: ಇವಳು ನನ್ನ ಮೊಮ್ಮಗಳು. ಮೊಮ್ಮಗಳನ್ನು ಹೆಂಡತಿ ಎಂದು ಕರೆಯದ ತಾತ ನಮ್ಮ ಮೊಸ್ಸಿ ಜನರಲ್ಲಿ ಇಲ್ಲ. ದಯವಿಟ್ಟು ಇದಕ್ಕೂ ಒಂದು ಮೊಕದ್ದಮೆ ಹೂಡಬೇಡಿ.)

ಹೇಗಿದ್ದೀಯೆ, ಮಗಳೇ? ಮೊದಲು ಅದನ್ನು ಹೇಳು. ರಾಜಧಾನಿ ವಾಗಾದ ಧೂಳು ನಿನ್ನ ಎದೆಗೆ ಆಗಿಬರುವುದಿಲ್ಲ ಎಂದು ನೀನು ವಿಶ್ವವಿದ್ಯಾಲಯಕ್ಕೆ ಹೊರಟ ದಿನವೇ ಅಂದಿದ್ದೆ. ಕೆಮ್ಮು ನಿಂತಿತೇ? ರಾತ್ರಿ ನಿದ್ದೆ ಬರುತ್ತದೆಯೇ? ನಿನ್ನ ಕೋಣೆಯ ಗೆಳತಿ ದೆಲ್ಫೀನ್ ನನ್ನ ವಕೀಲರ ಫೋನಿಗೆ ಸುದ್ದಿ ಕಳಿಸಿದ್ದಾಳೆ: ನೀನು ಊಟ ಬಿಟ್ಟಿದ್ದೀಯಂತೆ, ತರಗತಿಗೆ ಹೋಗುತ್ತಿಲ್ಲವಂತೆ, ಗೋಡೆಗೆ ಮುಖಮಾಡಿ ಮಲಗಿ "ನನ್ನ ನಾಲಿಗೇನೇ ತಾತನ್ನ ಒಳಗೆ ಹಾಕಿಸ್ತು" ಅನ್ನುತ್ತೀಯಂತೆ. ಅದನ್ನು ಕೇಳಿ ನನಗೆ ಸಿಟ್ಟೂ ಬಂತು, ಅಳುವೂ ಬಂತು. ಅದಕ್ಕೇ ಈ ಕಾಗದ. ನಮ್ಮ ಮಾತಿನಲ್ಲೇ ಬರೆಯುತ್ತಿದ್ದೇನೆ. ಮುದುಕರ ಅಕ್ಷರಶಾಲೆಯಲ್ಲಿ ಕಲಿತ ಗುಂಡುಗುಂಡು ಬರಹ ನೋಡಿ ನಗಬೇಡ. ನಕ್ಕರೂ ನಗು, ನೀನು ನಗುವುದೇ ಬೇಕಾಗಿದೆ.

ನಾನು ಚೆನ್ನಾಗಿದ್ದೇನೆ. ಮಂಡಿ ನೋಯುತ್ತದೆ, ಸಿಮೆಂಟಿನ ನೆಲ. ಈ ತಿಂಗಳ ಬಿಸಿಲು ನಿನಗೆ ಗೊತ್ತೇ ಇದೆ. ತಗಡಿನ ಚಾವಣಿಯ ಕೆಳಗೆ ನಾವೆಲ್ಲ ಬೇಯುತ್ತೇವೆ. ಇಲ್ಲಿಯ ಸಜ್ಜೆ ಮುದ್ದೆಯನ್ನು ಗೋಡೆಗೆ ಎಸೆದರೆ ಬಿರುಕು ಬಿಡುವುದು ಗೋಡೆಯೇ. ಬೆಂಡೆಕಾಯಿ ಸಾರು ಎನ್ನುತ್ತಾರೆ, ಬೆಂಡೆಕಾಯಿ ಆ ನೀರಿನಲ್ಲಿ ಕಾಲು ತೊಳೆದು ಹೋಗಿರಬೇಕು. ಒಂದೇ ಕೋಣೆಯಲ್ಲಿ ಏಳೆಂಟು ಮಾತಿನವರಿದ್ದೇವೆ. ನೀರಿನ ಗಡಿಗೆ ಬಂದಾಗ ಒಬ್ಬೊಬ್ಬ ಒಂದೊಂದು ಹೆಸರಿನಲ್ಲಿ ಕೂಗಿದರೂ ಎಲ್ಲರಿಗೂ ಅರ್ಥವಾಗುತ್ತದೆ. ಮೂಲೆಯಲ್ಲಿ ಒಬ್ಬ ಫುಲಾನಿ ದನಗಾಹಿ ಇದ್ದಾನೆ. ಅವನಿಗೆ ತನ್ನ ಮಾತು ಬಿಟ್ಟು ಬೇರೆ ಬಾರದು. ತಾನು ಯಾಕೆ ಒಳಗಿದ್ದೇನೆ ಎಂದು ಅವನಿಗೆ ಇನ್ನೂ ತಿಳಿದಿಲ್ಲ. ಹೊಸಬ ಯಾರು ಬಂದರೂ ಆಸೆಯಿಂದ ಎದ್ದು ಕೈ ಹಿಡಿದು ಕೇಳುತ್ತಾನೆ, ಬಂದವನು ತಲೆಯಾಡಿಸುತ್ತಾನೆ, ಇವನು ಹೋಗಿ ಕುಳಿತುಕೊಳ್ಳುತ್ತಾನೆ. ಅವನನ್ನು ನೋಡುವಾಗ ನನ್ನ ಪಾಡು ವಾಸಿ ಅನಿಸುತ್ತದೆ. ನನಗೆ ಯಾಕೆ ಒಳಗಿದ್ದೇನೆ ಎಂಬುದಾದರೂ ಗೊತ್ತು.

ಈಗ ನಿನ್ನ ವಿಷಯಕ್ಕೆ ಬರುತ್ತೇನೆ. ನಮ್ಮ ಪಕ್ಕದ ಹೊಲದ ಪಾರೆಯನ್ನು ಹೂಳಿದ ದಿನ ನೀನು ಏನೂ ತಪ್ಪು ಮಾಡಲಿಲ್ಲ. ಅವನು ಸಾಮೊ, ನಾನು ಮೊಸ್ಸಿ. ನಮ್ಮೆರಡು ಜನಕ್ಕೆ ಕೀಟಲೆಯ ನಂಟು ಹಾಕಿಕೊಟ್ಟವರು ನಮ್ಮ ಮುತ್ತಾತಂದಿರು. ಬಯ್ಯಬೇಕು, ಬಯ್ಯಿಸಿಕೊಳ್ಳಬೇಕು, ಸಿಟ್ಟು ಮಾತ್ರ ಬರಬಾರದು. ಎರಡೂ ಹೊಲಗಳ ನಡುವೆ ಒಂದು ಬದು ಇತ್ತು, ಬೆಳಿಗ್ಗೆ ಅದರ ಮೇಲೆ ನಿಂತು ಅವನು ಕೂಗುತ್ತಿದ್ದ: "ಲೋ ಕತ್ತೆ, ನಿನ್ ಧಣಿ ಎದ್ದವ್ನೆ, ಕಾಲೊತ್ತೋಕೆ ಬಾ." ಸಾಮೊಗಳ ಬಗ್ಗೆ ನಮ್ಮವರ ಹಳೆಯ ಕೀಟಲೆಯನ್ನೇ ಎತ್ತಿ ನಾನು ಅನ್ನುತ್ತಿದ್ದೆ: "ನಾಯಿತಲೆ ತಿನ್ನೋನೆ, ಮೊದ್ಲು ಬಾಯಿ ತೊಳ್ಕೋ, ಆಮೇಲೆ ಧಣಿ ಆಗು." ಅವನ ಹೆಂಡತಿ ಮಾರ್ತಾ ಪಾತ್ರೆ ತೊಳೆದ ನೀರನ್ನು ನಾನು ಹೋಗುವ ದಾರಿಗೇ ಚೆಲ್ಲುತ್ತಿದ್ದಳು. ನಿನ್ನ ಅಜ್ಜಿ ತೀರಿಕೊಂಡಾಗ ಈ ಪಾರೆಯೇ ಅವಳ ಉಡುಬಟ್ಟೆ ಸುತ್ತಿಕೊಂಡು, ಅವಳ ಹಾಗೆ ಸೊಂಟ ಹಿಡಿದು ನಡೆದು, "ನನ್ ಗಂಡ ನೊಬಿಲಾ ಗೊರಕೆ ಹೊಡೀತಾನೆ, ಅದಕ್ಕೇ ಹೊರಟೆ ಕಣ್ರಪ್ಪಾ" ಎಂದು ಅವಳದೇ ದನಿಯಲ್ಲಿ ಹೇಳಿದ. ಎದೆ ಒಡೆದು ಸಾಯಬೇಕಾಗಿದ್ದ ನಾನು ಹೊಟ್ಟೆ ಹಿಡಿದು ನಕ್ಕೆ. ನಕ್ಕಮೇಲೆಯೇ ನನಗೆ ಅಳಲು ಬಂದದ್ದು. ಅಂಥವನು ಸತ್ತಾಗ ನಾನು ತೆಪ್ಪಗೆ ಕೈಕಟ್ಟಿ ನಿಲ್ಲಬೇಕಿತ್ತೇ? ನಿಂತಿದ್ದರೆ ಊರು ಉಗಿಯುತ್ತಿತ್ತು.

ಅದಕ್ಕೇ ಅವನಿಗೆ ತೋಡಿದ ಗುಂಡಿಗೆ ಇಳಿದು ಮಲಗಿದೆ. "ಇವ್ನು ನನ್ ಗುಲಾಮ. ನನ್ ಅಪ್ಪಣೆ ಇಲ್ದೆ ಸಾಯೋಕೆ ಇವ್ನು ಯಾರು? ಸಾಯ್ಸಿದ್ದೂ ನಾನೇ, ನಾಯಿತಲೆಗೆ ವಿಷ ಹಾಕಿ ಕೊಟ್ಟಿದ್ದೂ ನಾನೇ. ಒಂದು ಹುಂಜ, ಒಂದು ಹಿಡಿ ಕೋಲಾ ಕಾಯಿ ತನ್ನಿ, ಇಲ್ದಿದ್ರೆ ಇಲ್ಲಿಂದ ಏಳೋನಲ್ಲ!" ಎಂದೆ. ಮಾರ್ತಾ ಅಳುವುದು ಬಿಟ್ಟು ನನ್ನ ಮೇಲೆ ಒಂದು ಬೊಗಸೆ ಮಣ್ಣು ಸುರಿದಳು. "ಇವನ್ನೂ ಜೊತೇಲೇ ಹೂತುಬಿಡ್ರೋ, ಅಲ್ಲಿ ಕಸ ಗುಡ್ಸೋಕೆ ಆಳು ಬೇಕು" ಎಂದಳು. ಜನ ಬಿದ್ದು ಬಿದ್ದು ನಕ್ಕರು. ಆಗ ನಗದೆ ನಿಂತವನು ಒಬ್ಬನೇ, ಪಾರೆಯ ಮಗ ಎಮಿಲ್. ಪಾಪ, ಹಾಲುಹಲ್ಲು ಬೀಳುವ ಮೊದಲೇ ಚಿಕ್ಕಪ್ಪನ ಜೊತೆ ಫ್ರಾನ್ಸಿನ ಲಿಯೋನಿಗೆ ಹೋದವನು. ಅವನಿಗೆ ಅಪ್ಪನ ಮಾತೂ ಬಾರದು, ನಮ್ಮ ಮಾತೂ ಬಾರದು. ಕಂಡದ್ದು ಇಷ್ಟೇ: ಅಪ್ಪನ ಗುಂಡಿಯಲ್ಲಿ ಯಾರೋ ಒಬ್ಬ ಮುದುಕ ಮಲಗಿ ಕಿರುಚುತ್ತಿದ್ದಾನೆ. ಪಕ್ಕದಲ್ಲಿದ್ದ ನಿನ್ನನ್ನು ಕೇಳಿದ, ಏನು ಹೇಳುತ್ತಿದ್ದಾರೆ ಎಂದು. ನೀನು ಹೇಳಿದೆ. ಒಂದು ಮಾತೂ ಹೆಚ್ಚಿಲ್ಲ, ಒಂದು ಮಾತೂ ಕಡಿಮೆಯಿಲ್ಲ. ನಗುನಗುತ್ತಲೇ ಹೇಳಿದೆ ಎಂದು ನನಗೆ ಗೊತ್ತು, ಗುಂಡಿಯೊಳಗಿಂದ ನೋಡುತ್ತಿದ್ದೆ. ನನ್ನ ಮೊಮ್ಮಗಳ ಫ್ರೆಂಚ್ ಎಷ್ಟು ನೀರಿನ ಹಾಗೆ ಹರಿಯುತ್ತದೆ ಎಂದು ಆ ಹೊತ್ತಿನಲ್ಲೂ ಹೆಮ್ಮೆಪಟ್ಟೆ. ನಿನ್ನ ಮಾತು ಅವನನ್ನು ಮುಟ್ಟಿತು. ನಗು ಮಾತ್ರ ಇತ್ತಲೇ ಉಳಿಯಿತು. ಅದಕ್ಕೆ ನೀನೇನು ಮಾಡುತ್ತೀಯೆ?

ಪಾರೆ ಸತ್ತದ್ದು ಹೊಟ್ಟೆನೋವಿನಿಂದ. ವಿಷ ಎಂದು ಕೇಳಿದ ಮಗ ಸುಮ್ಮನಿರುತ್ತಾನೆಯೇ? ಠಾಣೆಗೆ ಹೋದ. ಅಲ್ಲಿಯ ಜಮೇದಾರನೂ ಸಾಮೊನೇ. ದೂರು ಕೇಳಿ ಮೇಜಿನ ಮೇಲೆ ತಲೆಯಿಟ್ಟು ನಕ್ಕನಂತೆ. ಆಮೇಲೆ ನನ್ನನ್ನು ಕರೆಸಿ, ಕುರ್ಚಿ ಕೊಟ್ಟು, "ನಗೋದೇನೋ ನಾನೂ ನಕ್ಕೆ ತಾತ. ಆದ್ರೆ ಮೇಲಕ್ಕೆ ಹೋಗೋ ಕಾಗ್ದದಲ್ಲಿ ನಗೋಕೆ ಜಾಗ ಇಲ್ಲ. ಹಿಂಗಂದ್ರಾ, ಇಲ್ವಾ? ಅದೊಂದು ಹೇಳ್ಬಿಡಿ" ಎಂದ. ನೂರು ಜನರ ಮುಂದೆ ಅಂದಿದ್ದೇನೆ, ಇಲ್ಲ ಎನ್ನಲಾದೀತೇ? ಅಂದೆ ಎಂದೆ. ಊರಿನ ಸಾಕ್ಷಿಗಳೂ ಪ್ರಾಮಾಣಿಕರು, ಅಂದರು ಎಂದರು. ಒಬ್ಬನೂ ಸುಳ್ಳು ಹೇಳಲಿಲ್ಲ, ನಾನು ಒಳಗೆ ಬಂದೆ.

ಫ್ರೆಂಚ್ ಈಗ ನಮ್ಮ ದೇಶದ ಅಧಿಕೃತ ಭಾಷೆ ಅಲ್ಲ, ಬರೀ ಕೆಲಸದ ಭಾಷೆ, ಇನ್ನು ಮೇಲೆ ನಮ್ಮ ಮಾತುಗಳಿಗೇ ಆ ಪಟ್ಟ ಎಂದು ರೇಡಿಯೋದಲ್ಲಿ ಹೇಳಿದಾಗ ನಾನೂ ಪಾರೆಯೂ ಒಂದು ಸೋರೆಬುರುಡೆ ಜೋಳದ ಹೆಂಡ ಕುಡಿದು ಸಂಭ್ರಮಿಸಿದ್ದೆವು. ಹಾಗಾದರೆ ಯಾವ ಮಾತಿಗೆ ಪಟ್ಟ, ನಿಂದಕ್ಕಾ ನಂದಕ್ಕಾ ಎಂದು ಅದಕ್ಕೂ ಬೈದಾಡಿದ್ದೆವು. ಆದರೆ ಪಟ್ಟ ಹೋದ ದೊರೆ ಅಷ್ಟು ಸುಲಭಕ್ಕೆ ಕುರ್ಚಿ ಬಿಟ್ಟು ಏಳುತ್ತಾನೆಯೇ? ನಾನು ಅರ್ಜಿಯನ್ನು ನಮ್ಮ ಅಕ್ಷರದಲ್ಲಿ ನೀಟಾಗಿ ಬರೆದು ಕೊಟ್ಟೆ. ಗುಮಾಸ್ತ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಚೆನ್ನಾಗೈತೆ ತಾತ, ಇದನ್ನ ಫ್ರೆಂಚಲ್ಲಿ ಬರ್ಸ್ಕೊಂಡು ಬನ್ನಿ" ಎಂದ. ವಿಚಾರಣೆಯ ದಿನ ಮಾತು ದಾಟಿಸಲು ಒಬ್ಬ ಹುಡುಗನನ್ನು ನಿಲ್ಲಿಸಿದ್ದರು, ಒಳ್ಳೆಯವನು. ನಾನು ಪಾರೆಯ ಬಗ್ಗೆ, ನಿನ್ನ ಅಜ್ಜಿಯ ಉಡುಬಟ್ಟೆಯ ಬಗ್ಗೆ, ಬದುವಿನ ಬಗ್ಗೆ, ಎಲ್ಲವನ್ನೂ ಬಿಡಿಸಿ ಹೇಳಿದೆ. ಅವನು ತಲೆ ಕೆರೆದುಕೊಂಡು ನ್ಯಾಯಾಧೀಶರಿಗೆ ಹೆಬ್ಬೆರಳುದ್ದ ಮಾತು ಹೇಳಿದ. ಉಳಿದದ್ದು ಎಲ್ಲಿ ಹೋಯಿತು ಎಂದು ನಾನು ಅವನ ಬಾಯಿಯನ್ನೇ ನೋಡುತ್ತಿದ್ದೆ.

ಇಷ್ಟರಲ್ಲಿ ಆಸ್ಪತ್ರೆಯವರು ಪಾರೆಯದು ಕರುಳಿನ ಕಾಯಿಲೆ ಎಂದು ಬರೆದುಕೊಟ್ಟರು. ವಿಷದ ಮಾತು ಬಿದ್ದುಹೋಯಿತು. ಸತ್ತವನನ್ನು ಅವಮಾನಿಸಿದ್ದು, ಹೂಳಲು ಅಡ್ಡಿ ಮಾಡಿದ್ದು ಉಳಿದಿದೆ. ಎಮಿಲ್ ಕೆಟ್ಟವನಲ್ಲ, ಮುದುಕ ಕ್ಷಮೆ ಕೇಳಿ ಸಹಿ ಹಾಕಿದರೆ ಸಾಕು, ದೂರು ಹಿಂದೆ ತೆಗೆದುಕೊಳ್ಳುತ್ತೇನೆ ಎಂದಿದ್ದಾನೆ. ವಕೀಲರು ಕಾಗದ ಸಿದ್ಧಮಾಡಿ ತಂದರು. ಅದರ ಜೊತೆಗೇ ನಿನ್ನ ಮಾತನ್ನೂ ತಂದರು: "ತಾತ, ಸಹಿ ಹಾಕಿಬಿಡು. ಅದು ಬರೀ ಕಾಗ್ದ. ಫ್ರೆಂಚಲ್ಲಿ ಕೇಳಿದ ಕ್ಷಮೆ ನಮ್ಮೂರ್ ತನಕ ಬರಲ್ಲ." ಬುದ್ಧಿವಂತೆ ನೀನು, ಹೇಳಿದ್ದು ಚೆನ್ನಾಗಿದೆ.

ಆದರೂ ನನ್ನ ಕೈ ಏಳಲಿಲ್ಲ, ತಲಾತೋ. ಕೀಟಲೆಯ ನಂಟಿನಲ್ಲಿ ಕೊಡಬಾರದ್ದು ಏನೂ ಇಲ್ಲ, ಕ್ಷಮೆಯೊಂದನ್ನು ಬಿಟ್ಟು. ನಾನು ಒಮ್ಮೆ ತಪ್ಪಾಯಿತು ಎಂದರೆ ಅಂದದ್ದೆಲ್ಲ ನಿಜವಾಗಿಯೂ ಬೈಗುಳವೇ ಆಗಿತ್ತು ಎಂದಾಯಿತು. ಬದುವಿನ ಮೇಲಿನ ಅಷ್ಟೂ ಬೆಳಗುಗಳು ಜಗಳಗಳಾಗುತ್ತವೆ. ಮೊನ್ನೆ ನಮ್ಮ ಊರ ಹಿರಿಯ ಕುಯಿಲ್ಗಾ ನೋಡಲು ಬಂದಿದ್ದ. ಕಂಬಿಯ ಆಚೆ ಕೂತ. "ನೊಬಿಲಾ, ನೀನು ಕ್ಷಮೆ ಕೇಳ್ಬಿಟ್ರೆ ನಾಳೆ ಮದ್ವೇಲಿ, ಮಸಣದಲ್ಲಿ ಯಾರು ಯಾರನ್ನ ನಗ್ಸೋದು?" ಎಂದ. ಆದರೆ ಎದ್ದು ಹೋಗುವಾಗ ನನ್ನ ಊದಿದ ಕಾಲು ನೋಡಿ, "ಹಾಕ್ಬಿಡು ಮಾರಾಯ" ಎಂದೂ ಅಂದ. ಅತ್ತ ದರಿ, ಇತ್ತ ಪುಲಿ. ಹಾಕಿದರೆ ಪಾರೆಯನ್ನು ನಾನೇ ಕೊಂದ ಹಾಗೆ. ಹಾಕದಿದ್ದರೆ ಇಲ್ಲೇ ಕೊಳೆಯಬೇಕು, ನೀನು ಅಲ್ಲಿ ಗೋಡೆ ನೋಡುತ್ತ ಮಲಗಿರುತ್ತೀಯೆ. ನನಗೆ ಉಸಿರು ಕಟ್ಟುತ್ತದೆ. ಇಲ್ಲಿ ಕಿಟಕಿ ಇಲ್ಲ ಎಂದಲ್ಲ, ಹೊರಗೆ ಹೋದರೂ ಉಸಿರು ಕಟ್ಟುತ್ತದೆ ಎಂಬ ಭಯ.

ಹಾಗಾಗಿ ಇಲ್ಲ ಎಂದು ಹೇಳಿ ಕಳಿಸಿದ್ದೇನೆ. ನನ್ನ ಮೇಲೆ ಮುನಿಸಿಕೊಳ್ಳಬೇಡ. ಎದ್ದು ಮುಖ ತೊಳೆ, ದೆಲ್ಫೀನ್ ಮಾಡಿಟ್ಟ ಅನ್ನ ತಿನ್ನು, ಪರೀಕ್ಷೆಗೆ ಕೂರು. ಮಾವಿನಹಣ್ಣು ಬಂದಿರಬೇಕು, ನನ್ನ ಪಾಲಿನದನ್ನೂ ನೀನೇ ತಿನ್ನು. ದೆಲ್ಫೀನಳಿಗೆ ನನ್ನ ಆಶೀರ್ವಾದ, ಅವಳಿಗೆ ಒಳ್ಳೆಯ ಗಂಡ ಸಿಗಲಿ, ಕತ್ತೆಯಂಥವನಲ್ಲ. ನಮ್ಮ ಹಿರಿಯರು ನಿನ್ನ ದಾರಿಯ ಮುಳ್ಳು ತೆಗೆಯಲಿ. ನಿನ್ನ ನಾಲಿಗೆ ಯಾವ ಭಾಷೆಯಲ್ಲಿ ಆಡಿದರೂ ಅದಕ್ಕೆ ಕೇಡು ತಟ್ಟದಿರಲಿ.

ಎಂದು ಹರಸುವ,
ನಿನ್ನ ಹಲ್ಲಿಲ್ಲದ ಹಿರಿಯ ಗಂಡ,
ನೊಬಿಲಾ ತಪ್ಸೋಬಾ

ತಾ.ಕ.: ಗುರುವಾರ. ಊರಿನಿಂದ ಬರೆಯುತ್ತಿದ್ದೇನೆ, ವಾಗಾದ ಬಸ್ಸು ಹಾರ್ನು ಹೊಡೆಯುತ್ತಿದೆ, ಚಾಲಕನ ಕೈಯಲ್ಲಿ ಕೊಡಬೇಕು. ಸಹಿ ಹಾಕಿದೆ. ನಿನ್ನೆ ಬೆಳಿಗ್ಗೆ ವಕೀಲರು ಬಂದು ನೀನು ಪರೀಕ್ಷೆಗೆ ಹೆಸರೇ ಕೊಟ್ಟಿಲ್ಲ ಎಂದರು. ಆಮೇಲೆ ನಾನು ಯೋಚನೆ ಮಾಡಲಿಲ್ಲ. ನಿನ್ನೆಯೇ ಬಿಟ್ಟರು. ಈಗ ಹೋಗಿ ಹೆಸರು ಕೊಡು, ಇದು ನನ್ನ ಆಜ್ಞೆ. ಆ ಕಾಗದ ಊರಿಗೆ ಬಂತು, ಮಗಳೇ. ಇನ್ನು ನನ್ನ ಮೇಲೆ ಯಾರಿಗೂ ಕೋಪ ಬೇಡ ಎಂದು ಎಮಿಲ್ ಒಳ್ಳೆಯ ಮನಸ್ಸಿನಿಂದಲೇ ಇವತ್ತು ಬೆಳಿಗ್ಗೆ ಇಗರ್ಜಿಯ ಅಂಗಳದಲ್ಲಿ ಅದನ್ನು ಓದಿಸಿದ, ಮೊದಲು ಫ್ರೆಂಚಿನಲ್ಲಿ, ಆಮೇಲೆ ಸಾಮೊ ಮಾತಿನಲ್ಲಿ, ಆಮೇಲೆ ನಮ್ಮದರಲ್ಲಿ. ನಾನು ಅಲ್ಲಿಂದ ನೇರ ಮಾರ್ತಾಳ ಬಾಗಿಲಿಗೆ ಹೋಗಿ, "ನಾಯಿತಲೆಯೋಳೇ, ನಿನ್ ಧಣಿ ಜೈಲಿಂದ ಬಂದವ್ನೆ, ಮುದ್ದೆ ತಾ" ಎಂದು ಕೂಗಿದೆ. ಅವಳು ಹೊರಗೆ ಬಂದಳು. ನನ್ನನ್ನು ನೋಡಿ, ನೆಲಕ್ಕೆ ಮಂಡಿಯೂರಿ, ತಲೆ ತಗ್ಗಿಸಿ, "ಯಜಮಾನ್ರು ಕ್ಷೇಮವೇ? ಮನೇಲಿ ಎಲ್ಲಾರೂ ಕ್ಷೇಮವೇ? ದನಕರು ಕ್ಷೇಮವೇ?" ಎಂದು, ನಂಟಿಲ್ಲದ ಪರರನ್ನು ವಿಚಾರಿಸುವ ಹಾಗೆ, ಒಂದೊಂದಾಗಿ ಕೇಳಿದಳು. ಕಣ್ಣಿಂದ ನೀರು ಇಳಿಯುತ್ತಿತ್ತು, ಆದರೂ ಒಂದೂ ಬಿಡದೆ ಕೇಳಿದಳು. ಕ್ಷೇಮ ಎಂದೆ. ನೀನು ರಜೆಗೆ ಬಂದಾಗ ಆ ಮನೆಗೆ ಹೋದರೆ ಚಪ್ಪಲಿ ಹೊರಗೆ ಬಿಡು, ಮರ್ಯಾದೆಯಿಂದ ಆರೋಗ್ಯ ವಿಚಾರಿಸು, ಬೇರೆ ಏನೂ ಆಡಬೇಡ.