ಕೆರೆ ಬಾಯಿಯ ಜೊಂಡು

ಬಾಗಲಗುಂಟೆ,
೨೦-೫-೧೯೮೪

ಚಿರಂಜೀವಿ ಗಂಗಾಧರನಿಗೆ ನಿನ್ನ ಸೋದರಮಾವನ ಆಶೀರ್ವಾದ.

ಬೆಂಗಳೂರಿನ ನೀರಿನ ಇಂಜಿನಿಯರುಗಳೆಲ್ಲ ನನ್ನನ್ನು ಕೇಳಿಯೇ ಕೆಲಸ ಶುರುಮಾಡುವುದು ನಿನಗೆ ಗೊತ್ತೇ ಇದೆ. ಚರಂಡಿ ನೀರು ಶುದ್ಧ ಮಾಡುವ ಕೆಲಸದಲ್ಲಿರುವ ನೀನೊಬ್ಬನೇ ಕೇಳಲಿಲ್ಲ, ಅದು ನಿನ್ನ ನಷ್ಟ.

ಈ ವರ್ಷ ನಮ್ಮ ಕೆರೆಯ ಮೀನಿನ ಹರಾಜು ಹಿಡಿದವನು ನಾನೇ. ಹೊಸ ಲೇಔಟಿನ ಚರಂಡಿ ನೀರು ಕೆರೆ ಬಾಯಿಯ ಜೊಂಡಿನೊಳಗೆ ನಿಧಾನವಾಗಿ ಸೋಸಿಕೊಂಡು ಬರುತ್ತಿತ್ತು. ಯುಗಾದಿಗೆ ಬಂದಾಗ ನೀನು, "ಮಾವ, ಆ ಜೊಂಡು ಮುಟ್ಬೇಡ, ಕೆರೆಗೆ ಅದೇ ಜರಡಿ" ಅಂದೆ. "ಓಗ್ಲಾ, ಕೊಳಕು ತಿಂದಷ್ಟೂ ಮೀನು ಕೊಬ್ತವೆ" ಅಂದು ನಿನ್ನ ಬಾಯಿ ಮುಚ್ಚಿಸಿದೆ. ನೀನು ಹೋದ ಮೇಲೆ ಜೊಂಡನ್ನೆಲ್ಲ ಕೊಯ್ಸಿ ಚಾಪೆ ಹೆಣೆಯುವವರಿಗೆ ಮಾರಿದೆ. ಅದರಲ್ಲಿ ಲಾಭ ಬಂತು, ಅದನ್ನೂ ನೆನಪಿಟ್ಟುಕೋ.

ಆಮೇಲೆ ನೀರು ಹಸಿರಾಗಿ ನಾರತೊಡಗಿತು. ದನಗಳು ಮೂಸಿ ನೋಡಿ ಹಿಂದಕ್ಕೆ ಬಂದವು. ಮೊನ್ನೆ ಬೆಳಿಗ್ಗೆ ಮೀನೆಲ್ಲ ಸತ್ತು ತೇಲುತ್ತಿದ್ದವು. ಬಟ್ಟೆ ಒಗೆಯಲು ಬಂದಿದ್ದ ಚಿಕ್ಕಮುನಿಯಮ್ಮ, "ನಿನ್ನ ಮೀನು ಬಲು ಕೊಬ್ಬವೆ ಕಣಣ್ಣ, ಮೇಲಕ್ಕೇ ಬಂದವೆ" ಅಂದಳು.

ಬರುವ ಭಾನುವಾರ ಬಂದು ಜೊಂಡನ್ನು ಎಲ್ಲಿಂದ ಎಲ್ಲಿಯವರೆಗೆ ನೆಡಬೇಕೆಂದು ತೋರಿಸು. ಪಕ್ಕದೂರಿನ ಕೆರೆಯಿಂದ ಬೇರು ತಂದು ಒದ್ದೆ ಗೋಣಿಯಲ್ಲಿ ಸುತ್ತಿಟ್ಟಿದ್ದೇನೆ. ಊರವರ ಮುಂದೆ ಮಾತ್ರ ಇದು ಮಾವನ ಯೋಚನೆ ಅನ್ನು.

ಇಂತಿ ನಿನ್ನ ಮಾವ,
ದೊಡ್ಡಮುನಿಯಪ್ಪ

ಮರೆತಿದ್ದೆ: ನಿನ್ನಮ್ಮ ಬಳೆ ಅಡವಿಟ್ಟು ಹರಾಜಿಗೆ ಕೊಟ್ಟ ದುಡ್ಡಿನಲ್ಲಿ ಇನ್ನೂರು ಮಾತ್ರ ಹೋಯಿತೆಂದು ಅವಳಿಗೆ ಹೇಳಿದ್ದೇನೆ. ಹೋದದ್ದು ಪೂರ್ತಿ, ಎರಡು ಸಾವಿರದ ಎಂಟುನೂರು.