ನನ್ನ ಕಡೆಗೆ ಬಂದ ನೊಣಗಳು

ಮನೆಯಿಂದ,
ಗುರುವಾರ ಸಂಜೆ

ಪ್ರೀತಿಯ ತಮ್ಮಾ,

ದೇವರು ನಿನ್ನ ಮೈಮೇಲೆ ಕೈಯಿಟ್ಟು ಕಾಯುತ್ತಿರಲಿ. ಕೈ ನಡುಕ ಈಗ ಹೇಗಿದೆ? ಈ ಸಲದ ಕಾಗದದಲ್ಲಿ ಅಕ್ಷರ ನೆಟ್ಟಗಿದೆ, ಓದುವ ಮೊದಲು ಅದನ್ನು ನೋಡಿಯೇ ಅರ್ಧ ಜೀವ ಬಂತು. ನಿದ್ದೆ ಹತ್ತುತ್ತದೆಯೇ? ಊಟ ಸೇರುತ್ತದೆಯೇ? ಸಿಟ್ಟು ಬಂತೆಂದು ತಟ್ಟೆ ತಳ್ಳಬೇಡ, ಅಲ್ಲಿ ಯಾರೂ ಹಿಂದೆ ಬಂದು ಉಣ್ಣು ಉಣ್ಣು ಎನ್ನುವುದಿಲ್ಲ. ಪಕ್ಕದ ಹಾಸಿಗೆಯವನು ಗೊರಕೆ ಹೊಡೆಯುತ್ತಾನೆಂದು ದೂರಿದ್ದೀಯಲ್ಲ, ನಿನ್ನ ಗೊರಕೆಯನ್ನು ಇಷ್ಟು ವರ್ಷ ಸಹಿಸಿದವಳು ನಾನು. ಅವನದನ್ನು ನೀನು ಸ್ವಲ್ಪ ಸಹಿಸು.

ಈ ಭಾನುವಾರ ಬಂದು ಕರೆದುಕೊಂಡು ಹೋಗು ಎಂದು ಬರೆದಿದ್ದೀಯ. ಮನೆಯವರು ಬಂದು ಒಪ್ಪಿದರೆ ಕುಡಿತ ಬಿಡಿಸುವ ಆ ಕೇಂದ್ರದವರು ಅವಧಿ ಮುಗಿಯುವ ಮೊದಲೇ ಬಿಡುತ್ತಾರಂತೆ. ಮನೆಯವರು ಎಂದರೆ ನಾನೊಬ್ಬಳೇ. ಕಿಟಕಿ ನಾಲ್ಕು ಬೆರಳಿನಷ್ಟೇ ತೆರೆಯುತ್ತದೆ, ಉಸಿರು ಕಟ್ಟುತ್ತದೆ ಎಂದದ್ದನ್ನು ಓದಿ ನನಗೂ ಉಸಿರು ಕಟ್ಟಿತು. ಅದರ ಕೆಳಗೇ ಇನ್ನೊಂದು ಮಾತು: “ನೊಣದ ಕಥೆ ನೀನೇ ಹೇಳಿದ್ದೆಯಲ್ಲ ಅಕ್ಕಾ, ಇದು ಅಪ್ಪನ ರಕ್ತದಿಂದ ಬಂದಿದ್ದು. ರಕ್ತದಲ್ಲಿರೋದನ್ನ ಕೂಡಿಹಾಕಿ ತೆಗೆಯೋಕಾಗುತ್ತಾ?” ಶಾಲೆಯಲ್ಲಿ ಒಂದು ಪಾಠವನ್ನೂ ತಲೆಗೆ ಹಾಕಿಕೊಳ್ಳದವನು ನನ್ನ ಮಾತಿನಲ್ಲಿ ನಿನಗೆ ಬೇಕಾದಷ್ಟನ್ನು ಮಾತ್ರ ಚೆನ್ನಾಗಿ ಕಲಿತಿದ್ದೀಯ ಕಣೋ.

ಹಾಗಾಗಿ ಪೂರ್ತಿ ಕಥೆ ಹೇಳುತ್ತೇನೆ. ಪ್ರಯೋಗಾಲಯದಲ್ಲಿ ನನ್ನ ಕೆಲಸ ನಿನಗೆ ಗೊತ್ತು. ಜೋಳದ ಹಿಟ್ಟು, ಸಕ್ಕರೆ, ಯೀಸ್ಟು ಹಾಕಿ ಗಂಜಿ ಕಾಯಿಸಿ, ಬಾಟಲಿಗಳಿಗೆ ಹೊಯ್ದು, ಆರಿದ ಮೇಲೆ ಹತ್ತಿಯ ಬಿರಡೆ ಹಾಕುವುದು. ಉಣ್ಣುವವು ಕೊಳೆತ ಹಣ್ಣಿನ ಮೇಲೆ ಕೂರುವ ಎಳ್ಳಿನಷ್ಟು ನೊಣಗಳು. ಅವುಗಳ ಕೋಣೆಗೆ ಕಿಟಕಿಯೇ ಇಲ್ಲ. ಬಾಗಿಲು ಎರಡು, ಒಂದನ್ನು ಮುಚ್ಚದೆ ಇನ್ನೊಂದನ್ನು ತೆರೆಯುವಂತಿಲ್ಲ. ಒಳಗೆ ವರ್ಷವಿಡೀ ಒಂದೇ ಸೆಕೆ. ಅಲ್ಲಿ ಸಂಶೋಧನೆ ಮಾಡುವ ಡಾಕ್ಟರಮ್ಮ ಬಾಟಲಿಯೊಳಕ್ಕೆ ಮದ್ಯದ ಆವಿ ಬಿಡುತ್ತಾರೆ. ನೊಣಗಳು ಮೊದಲು ಹುಚ್ಚೆದ್ದು ಓಡಾಡುತ್ತವೆ, ಗಾಜಿಗೆ ಡಿಕ್ಕಿ ಹೊಡೆಯುತ್ತವೆ, ಆಮೇಲೆ ಕಾಲು ಮೇಲೆ ಮಾಡಿ ಬೀಳುತ್ತವೆ. ಒಂದು ವಂಶದವು ಬೇಗ ಬೀಳುತ್ತವೆ, ಇನ್ನೊಂದು ವಂಶದವು ಎಷ್ಟು ಹೊತ್ತಾದರೂ ಬೀಳುವುದಿಲ್ಲ, ಇನ್ನೂ ಬೇಕು ಎನ್ನುತ್ತವೆ. ಗಂಜಿ ಅದೇ, ಬಾಟಲಿ ಅದೇ. ಹಾಗಾಗಿ ರಕ್ತದ ಪಾಲು ಇಲ್ಲ ಎಂದು ನಾನು ಸುಳ್ಳು ಹೇಳಲಾರೆ. ಆದರೆ ಡಾಕ್ಟರಮ್ಮ ಹೇಳಿದ ಇನ್ನೊಂದು ಮಾತನ್ನು ನಿನಗೆ ಹೇಳಿರಲಿಲ್ಲ: “ಹುಟ್ಟು ದಾರಿಯನ್ನ ಇಳಿಜಾರು ಮಾಡುತ್ತೆ ಅಷ್ಟೇ ಅಕ್ಕಾ, ತಳ್ಳೋದು ಬೇರೆ ಏನೋ ಇರುತ್ತೆ.”

ಆ ಬೇರೆ ಏನೋ ಯಾವುದೆಂದು ಈ ಮಂಗಳವಾರ ತಿಳಿಯಿತು. ನೊಣದ ಕೋಣೆಗೆ ವಾಸನೆ ಹಚ್ಚಿಕೊಂಡು ಬರಬಾರದೆಂದು ನಿಯಮ. ಸೋಪು, ಪೌಡರು, ತಲೆಗೆಣ್ಣೆ ಎಲ್ಲ ಬಿಟ್ಟಿದ್ದೆ. ಆದರೆ ದೇವರ ಮುಂದಿಟ್ಟ ಗಂಧದ ಎಣ್ಣೆ ವಾಸನೆಯ ಲೆಕ್ಕಕ್ಕೆ ಸೇರುತ್ತದೆಂದು ನನಗೆ ಹೊಳೆಯಲೇ ಇಲ್ಲ. ಆವಿ ಬಿಡುವಾಗ ಅವು ಒದ್ದಾಡುವುದನ್ನು ನೋಡಲಾಗದೆ, ಆ ಎಣ್ಣೆ ಸವರಿದ ಕೈಯನ್ನು ಬಿರಡೆಗಳ ಹತ್ತಿರ ಹಿಡಿದು, ಇವೂ ನಿನ್ನ ಮಕ್ಕಳೇ ತಂದೆ, ಕಾಪಾಡು ಎಂದು ದಿನಾ ಬೇಡಿಕೊಳ್ಳುತ್ತಿದ್ದೆ. ಮಂಗಳವಾರ ಆವಿ ಬಿಟ್ಟಿರಲಿಲ್ಲ. ನಾನು ಗಂಜಿ ತಂದು ನಿಂತೆ ನೋಡು, ಬಾಟಲಿಯಲ್ಲಿದ್ದ ನೊಣಗಳೆಲ್ಲ ನಾನಿದ್ದ ಕಡೆಗೆ ಬಂದು ಮುತ್ತಿದವು. ಕನ್ನಡಕದ ಹುಡುಗಿಯೊಬ್ಬಳು ಕಲಿಯಲು ಬರುತ್ತಾಳೆ, ಅವಳು “ಅಯ್ಯೋ, ಅಕ್ಕಾ, ಸ್ವಲ್ಪ ಆ ಕಡೆ ಹೋಗಿ” ಎಂದಳು. ಹೋದೆ. ಅವೂ ಆ ಕಡೆಗೆ ಬಂದವು. “ಈಗ ಈ ಕಡೆ ಬನ್ನಿ.” ಬಂದೆ. ಅವೂ ಬಂದವು. ಡಾಕ್ಟರಮ್ಮ ನನ್ನ ಕೈ ಹಿಡಿದು ಮೂಸಿ, ತಲೆ ಚಚ್ಚಿಕೊಂಡು, ಆಮೇಲೆ ನಗು ತಡೆಯಲಾರದೆ, “ಇವುಗಳ ಪಾಲಿಗೆ ಹೆಂಡದಂಗಡಿ ನೀವೇ ಕಣ್ರೀ ಅಕ್ಕಾ!” ಎಂದರು. ಅಷ್ಟು ದಿನದ ಕೆಲಸ ನೀರುಪಾಲಾದರೂ ಬೈಯಲಿಲ್ಲ, ಪುಣ್ಯಾತ್ಗಿತ್ತಿ. ಕುಡಿತದ ಜೊತೆಗೆ ಯಾವ ವಾಸನೆ ಬಂತೋ ಅದನ್ನು ನೊಣ ಮರೆಯುವುದಿಲ್ಲವಂತೆ. ಕುಡಿತ ಇಲ್ಲದಿದ್ದರೂ ಆ ವಾಸನೆಗೇ ಓಡುತ್ತದಂತೆ, ನಡುವೆ ಕರೆಂಟಿನ ತಂತಿ ಇಟ್ಟರೂ ಕಾಲು ಅದುರಿಸಿಕೊಂಡು ದಾಟುತ್ತದಂತೆ.

ಎಲ್ಲರ ಜೊತೆ ನಾನೂ ನಕ್ಕೆ. ಆಮೇಲೆ ಬಾಟಲಿ ತೊಳೆಯುವ ತೊಟ್ಟಿಯ ಮುಂದೆ ನಿಂತವಳಿಗೆ ನಗು ಎಲ್ಲಿ ಹೋಯಿತೋ. ನೀನು ತೂರಾಡುತ್ತ ಬಂದಾಗಲೆಲ್ಲ ಒಂದು ಮಾತೂ ಕೇಳದೆ ಬಾಗಿಲು ತೆಗೆದವಳು ಯಾರು? ಬಿಸಿನೀರು, ಬಿಸಿ ಊಟ, ಹಣೆಗೆ ಅದೇ ಗಂಧದ ಎಣ್ಣೆ, ತಲೆ ಮೇಲೆ ಕೈ. “ನಮ್ಮಕ್ಕ ಇರೋವರೆಗೂ ನಂಗೇನು ಚಿಂತೆ” ಎಂದು ನೀನು ಬೀದಿಯಲ್ಲಿ ಹೇಳಿಕೊಂಡು ಬರುತ್ತಿದ್ದೆ, ನಾನು ಅದನ್ನು ಕೇಳಿ ಹಿಗ್ಗುತ್ತಿದ್ದೆ. ಕಳೆದ ಸಲ ಅಲ್ಲಿಂದ ಬಿಡಿಸಿ ತಂದ ದಿನ ನೀನು ಮೆಟ್ಟಿಲ ಮೇಲೆ ಕೂತು ಅತ್ತೆ, ನನ್ನ ಕೈತುತ್ತು ಉಂಡೆ, ಸಂಜೆಗೆ ಕುಡಿಯಲು ಹೊರಟುಹೋದೆ. ಗೆಳೆಯರು ಕೆಡಿಸಿದರು ಎಂದರು ಎಲ್ಲರೂ. ಅಂದು ಗೆಳೆಯರು ಒಬ್ಬರೂ ಬಂದಿರಲಿಲ್ಲವಲ್ಲ ತಮ್ಮಾ. ಇದ್ದದ್ದು ಈ ಮನೆ, ಈ ಹಾಸಿಗೆ, ನಾನು.

ಅಲ್ಲಿ ಬಿಟ್ಟರೆ ನೀನೊಬ್ಬ ಬೋನಿನಲ್ಲಿ, ಇಲ್ಲಿಗೆ ತಂದರೆ ಇಬ್ಬರೂ ಬೋನಿನಲ್ಲಿ. ಎರಡು ದಿನದಿಂದ ದೇವರ ಮುಂದೆ ಕೂತು ದಾರಿ ಕೇಳುತ್ತಿದ್ದೇನೆ. ಗೋಡೆ ನೋಡುತ್ತ ಕೂತರೂ ಕಿವಿ ಮಾತ್ರ ಗೇಟಿನ ಕಡೆಗೇ ಇರುತ್ತದೆ. ನೀನಿಲ್ಲದ ಮನೆಯಲ್ಲೂ ಹೊತ್ತಾದರೆ ಎದ್ದು ನೀರು ಕಾಯಿಸಿಬಿಡುತ್ತೇನೆ.

ಮೈ ಜೋಪಾನ. ಹೇಳಿದ ಮಾತ್ರೆ ನುಂಗು. ನಿನ್ನನ್ನು ನೋಡಿಕೊಳ್ಳುವ ನರ್ಸಮ್ಮನಿಗೆ ನನ್ನ ಕೈಮುಗಿತ ತಿಳಿಸು, ಎದುರು ಮಾತಾಡಬೇಡ. ನೂರು ವರ್ಷ ಬಾಳು ನನ್ನಪ್ಪಾ.

ಇಂತಿ,
ನಿನ್ನ ಅಕ್ಕ

ತಾ.ಕ.: ಭಾನುವಾರ ನಾನು ಬರುವುದಿಲ್ಲ. ಅವಧಿ ಮುಗಿದ ಮೇಲೆ ನಮ್ಮ ಚಿಕ್ಕಪ್ಪನ ಮಗ ಬಡಗಿ ಅಣ್ಣ ಬಂದು ನಿನ್ನನ್ನು ತನ್ನಲ್ಲಿಗೇ ಕರೆದುಕೊಂಡು ಹೋಗುತ್ತಾನೆ, ಒಪ್ಪಿಸಿದ್ದೇನೆ. ಈ ಮನೆಗೆ ಬರಬೇಡ. ಫೋನ್ ಮಾಡಿಯೂ ಪ್ರಯೋಜನವಿಲ್ಲ. ಭಾನುವಾರ ಫೋನನ್ನು ಮೇಲಿನ ಮನೆಯ ದರ್ಜಿಯವಳ ಕೈಗೆ ಕೊಡುತ್ತೇನೆ. ಬೆಳಿಗ್ಗೆಯೇ ನನ್ನನ್ನು ಒಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕು, ನಾನು ಎಷ್ಟು ಬಡಿದರೂ ಸಂಜೆವರೆಗೆ ತೆಗೆಯಬೇಡ ಎಂದು ಅವಳಿಗೆ ಹೇಳಿಟ್ಟಿದ್ದೇನೆ.