ಕೆರೆಯ ತಳ ನೋಡುವ ಕ್ಯಾಮೆರಾ

ಮುಳವಾಡ,
೧೪ ಅಕ್ಟೋಬರ್ ೨೦೨೫, ಮಂಗಳವಾರ

ನಮ್ಮ ಸುನೀತಾಳ ಅಪ್ಪನಿಗೆ, ಕಾವೇರಿಯ ನಮಸ್ಕಾರಗಳು.

ಹೇಗಿದ್ದೀರಿ? ಸಿಂದಗಿ ಕಡೆಯ ಮಳೆಯಲ್ಲಿ ನೆನೆದು ಮೊಣಕಾಲು ಮತ್ತೆ ಹಿಡಿದುಕೊಂಡಿದೆ ಎಂದು ಬೈಕಿನಲ್ಲಿ ನಿಮಗೆ ರೊಟ್ಟಿ ಒಯ್ಯುವ ಯಂಕಪ್ಪ ಹೇಳಿದ. ಹಿಡಿಯದೆ ಏನು ಮಾಡೀತು? ಕಂಬಳಿಯನ್ನು ಮರಿಗಳಿಗೆ ಹೊದಿಸಿ ನೀವು ಬರಿಮೈಯಲ್ಲಿ ಮಲಗುವವರು. ಎಣ್ಣೆ ಕಳಿಸಿದ್ದೇನೆ, ಬಿಸಿ ಮಾಡಿ ತಿಕ್ಕಿಕೊಳ್ಳಿ, ಕುರಿಯ ಕಾಲಿಗೆ ಹಚ್ಚಿ ಮುಗಿಸಬೇಡಿ. ಮಾವನವರ ಕೆಮ್ಮು ಕಡಿಮೆಯಾಗಿದೆ, ಬಾಯಿ ಕಡಿಮೆಯಾಗಿಲ್ಲ. ಸುನೀತಾ ದೀಪಾವಳಿಗೆ ಮುದ್ದೇಬಿಹಾಳದ ಹಾಸ್ಟೆಲಿನಿಂದ ಬರುತ್ತಾಳಂತೆ. ನಿಮ್ಮ ಫೋನಿಗೆ ಹಚ್ಚಿದಾಗಲೆಲ್ಲ ಸ್ವಿಚ್ ಆಫ್ ಎನ್ನುತ್ತಾಳಲ್ಲ, ಆ ಹೆಂಗಸಿನ ದನಿ ಕೇಳಿ ಕೇಳಿ ಅವಳು ನನ್ನ ಸವತಿ ಎನ್ನಿಸಿಬಿಟ್ಟಿದೆ. ಯಂಕಪ್ಪನ ಬಾಯಲ್ಲಿ ಹೇಳಿ ಕಳಿಸೋಣವೆಂದರೆ ಅರ್ಧ ಮರೆತು ಉಳಿದರ್ಧಕ್ಕೆ ನಿಮ್ಮೊಡನೆ ಕೂತು ನಗುತ್ತಾನೆ. ಅದಕ್ಕೇ ಬರೆದು ಅವನ ರೊಟ್ಟಿ ಗಂಟಿನಲ್ಲಿಟ್ಟು ಕಳಿಸುತ್ತಿದ್ದೇನೆ. ಪೂರ್ತಿ ಓದಿ, ಇದರಲ್ಲಿ ತಂಬಾಕು ಸುತ್ತಬೇಡಿ.

ಶನಿವಾರ ಕುರಿ ಹೊಡೆದುಕೊಂಡು ನೆಟ್ಟಗೆ ಕೆರೆಗೇ ಬಂದು, ತೊಳೆದು, ಆಮೇಲೆ ಮನೆಗೆ ಬರುತ್ತೀರಂತೆ. ಪ್ರತಿ ದೀಪಾವಳಿಗೂ ಹಾಗೇ ಅಲ್ಲವೇ, ತೊಳೆಯದ ಕುರಿ ಪಾಡ್ಯದ ದಿನ ಊರೊಳಗೆ ಕಾಲಿಡುವಂತಿಲ್ಲ. ಆದರೆ ಇದು ನೀವು ಬಿಟ್ಟುಹೋದ ಕೆರೆಯಲ್ಲ. ಬೇಸಿಗೆಯಲ್ಲಿ ನೀವು ಇಂಡಿ ಕಡೆಗಿದ್ದಾಗ ರಸ್ತೆಗೆಂದು ಕೆರೆಯ ತಳದ ಗರಸು ಮಣ್ಣು ಅಗೆದು ಟ್ರ್ಯಾಕ್ಟರಿನಲ್ಲಿ ಹೊತ್ತರು. ಆಚೆ ದಂಡೆಯಲ್ಲಷ್ಟೇ ಅಗೆದರು ಎನ್ನುತ್ತಾರೆ ಮಾವ. ಈಚೆಗೂ ಧೂಳು ಎದ್ದದ್ದನ್ನು ನಾನು ಅಂಗಳದಿಂದ ಕಣ್ಣಾರೆ ನೋಡಿದ್ದೇನೆ. ಆಮೇಲೆ ಕಾಲುವೆ ನೀರು ಬಂದು ಕೆರೆ ತುಂಬಿತು, ಈಗ ಮೇಲೆ ನೋಡಿದರೆ ಎಲ್ಲ ಒಂದೇ ನೀರು. ನೀವು ನಿಮ್ಮ ಟಗರು ಗುಂಡ್ಯಾನ ಹಗ್ಗ ಹಿಡಿದು ಕುರಿಗಳ ಕಡೆ ಮುಖ ಮಾಡಿ ಹಿಂದೆ ಹಿಂದೆ ಇಳಿಯುವವರು. ಟಗರು ಇಳಿಯಿತೆಂದರೆ ಇಡೀ ಹಿಂಡು ಅದರ ಬೆನ್ನಿಗೆ ಬಿತ್ತು, ಆಮೇಲೆ ಯಾರು ಕೂಗಿದರೂ ನಿಲ್ಲುವುದಿಲ್ಲ. ಮೈತುಂಬ ಉಣ್ಣೆ ಹೊತ್ತ ಕುರಿ ನೆನೆದರೆ ಎಷ್ಟು ಭಾರ ಎಂದು ನಿಮಗೆ ನಾನು ಹೇಳಬೇಕೇ? ನಿಮ್ಮ ಕಾಲ ಕೆಳಗೆ ನೆಲವಿಲ್ಲದಿದ್ದರೆ ಏನು ಗತಿ? ನನಗೆ ಹೆದರಿಕೆಯಾಗಿದೆ. ಉಣ್ಣಲು ಕೂತರೂ ಅದೇ ಕಣ್ಣಮುಂದೆ ಬರುತ್ತದೆ.

ಮಾವನಿಗೆ ಹೇಳಿದೆ. ಹಗ್ಗಕ್ಕೆ ಕಲ್ಲು ಕಟ್ಟಿ ಬಂಡೆಯ ಮೇಲಿಂದ ಬೀಸಿ ಎಸೆದರು. ಕಲ್ಲು ತಳ ಹತ್ತಿತು. "ನೋಡ ಯವ್ವಾ, ಎದಿಮಟ ಐತಿ. ಈ ಕೆರಿ ನನ್ನ ಅಂಗೈ ಇದ್ದಾಂಗ" ಎಂದು ಹಗ್ಗ ಸುತ್ತಿಕೊಂಡು ಮನೆಗೆ ಬಂದರು. ಎಸೆದದ್ದು ಒಂದೇ ಸಲ, ಬಿದ್ದದ್ದು ಒಂದೇ ಕಡೆ. ಇನ್ನೊಮ್ಮೆ ಎಸೆಯಿರಿ ಎಂದರೆ ಈ ವಯಸ್ಸಿನಲ್ಲಿ ಸೊಸೆಯ ಕೈಲಿ ಪರೀಕ್ಷೆ ಕೊಡಬೇಕೇನು ಎಂಬ ಸಿಟ್ಟು.

ಆಗ ನೆನಪಾದದ್ದು ನನ್ನ ತಮ್ಮ ಸಂಗುವಿನ ಕ್ಯಾಮೆರಾ. ಮದುವೆ ವಿಡಿಯೋ ಮಾಡುತ್ತಾನಲ್ಲ, ಹೊಸದು ಕೊಂಡ ಮೇಲೆ ಹಳೆಯದನ್ನು ನನಗೆ ಕೊಟ್ಟಿದ್ದ. ಬೆಂಕಿಪೊಟ್ಟಣಕ್ಕಿಂತ ಒಂದಿಷ್ಟು ದೊಡ್ಡದು. ನಮ್ಮ ಆಡಿನ ಕೊರಳಿಗೆ ಕಟ್ಟಿ ಬಿಟ್ಟಿದ್ದೆ, ಅದು ಊರವರ ಬೇಲಿ ತಿಂದದ್ದೆಲ್ಲ ಸಾಕ್ಷಿ ಸಮೇತ ಸಿಕ್ಕಿತ್ತು! ಸಂಗುಗೆ ಫೋನ್ ಮಾಡಿದರೆ, "ಅಕ್ಕಾ, ಅದರ ಜೋಡಿ ಕೊಟ್ಟ ನೀರ ಹೋಗದ ಡಬ್ಬಿಯೊಳಗ ಹಾಕಿ ನೀರಾಗ ಬಿಡು, ಏನೂ ಆಗೂದಿಲ್ಲ" ಎಂದ. ಮಾವ ಟ್ರ್ಯಾಕ್ಟರಿನ ಹಳೇ ಟ್ಯೂಬಿಗೆ ಗಾಳಿ ತುಂಬಿಸಿಕೊಟ್ಟರು, ಯಾತಕ್ಕೆಂದು ನಾನು ಹೇಳಲಿಲ್ಲ. ಟ್ಯೂಬಿನ ಕೆಳಗೆ ಬಿದಿರು, ಬಿದಿರಿನ ತುದಿಗೆ ಕಲ್ಲು, ಕಲ್ಲಿನ ಮೇಲೆ ಕ್ಯಾಮೆರಾ. ಎರಡೂ ಕಡೆ ಹಗ್ಗ. ಬಂಡೆಯ ಮೇಲೆ ನಾನು, ಆ ಕಡೆ ಜಾಲಿಮರದ ಹತ್ತಿರ ಪಕ್ಕದ ಮನೆಯ ಶೆಟ್ಟೆವ್ವ. ಮೊದಲ ದಿನ ಫೋನಿನಲ್ಲಿ ನೋಡಿದರೆ ಪುಂಡಿಪಲ್ಯ ಕುದಿಸಿದ ನೀರು ಬಿಟ್ಟರೆ ಮತ್ತೇನೂ ಇಲ್ಲ. ಬೆಳಕು ಸಾಲದೇನೋ ಎಂದು ಡಬ್ಬಿಯ ಮಗ್ಗುಲಿಗೇ ನೀರಲ್ಲೂ ಕೆಡದ ಬ್ಯಾಟರಿ ದೀಪ ಕಟ್ಟಿದೆ. ಜೋಳ ತೂರುವಾಗ ಹೊಟ್ಟು ಹಾರಿದ ಹಾಗೆ ಬರೀ ಬಿಳಿ ಕಸ ಕಂಡಿತು. ಬೆಳಕು ಕ್ಯಾಮೆರಾದ ಹತ್ತಿರ ಇರಬಾರದಂತೆ, ದೂರದಿಂದ ಓರೆಯಾಗಿ ಬೀಳಬೇಕಂತೆ. ಅಡ್ಡ ಕೋಲು ಕಟ್ಟಿ ಬ್ಯಾಟರಿಯನ್ನು ಅದರ ತುದಿಗೆ ಸರಿಸಿದೆ. ಸಮುದ್ರದಲ್ಲಿ ಇಳಿಯುವವರು ಕೆಂಪು ಗಾಜು ಹಾಕುತ್ತಾರೆ ಎಂದು ಸಂಗು ಹೇಳಿದ್ದಕ್ಕೆ ಸೀರೆಯ ಡಬ್ಬದ ಕೆಂಪು ಕಾಗದ ಹಚ್ಚಿದೆ. ಇದ್ದ ಬೆಳಕೂ ಹೋಯಿತು, ಕಿತ್ತೆಸೆದೆ. ಇಬ್ಬನಿಯ ಹೊತ್ತಲ್ಲಿ ಡಬ್ಬಿ ಮುಚ್ಚಿದರೆ ಒಳಗೆ ಮಂಜು ಕಟ್ಟುತ್ತದೆಂದು ತಿಳಿದದ್ದೂ ಒಂದು ದಿನ ಹಾಳಾದ ಮೇಲೆ. ಶೆಟ್ಟೆವ್ವನೋ ಬಾವಿಯ ಕೊಡ ಜಗ್ಗಿದ ಹಾಗೆ ಜಗ್ಗಿ ರಾಡಿ ಎಬ್ಬಿಸುತ್ತಾಳೆ. ತೊಟ್ಟಿಲು ತೂಗಿದ ಹಾಗೆ ಮೆಲ್ಲಗೆ ಎಂದರೆ, "ಗಂಡ ಬರಾಕತ್ತಾನಂತ ಹುಚ್ಚ ಹಿಡದೈತಿ ನಿನಗ!" ಎಂದು ಊರಿಗೆಲ್ಲ ಕೇಳುವ ಹಾಗೆ ನಕ್ಕಳು. ನಗಲಿ ಬಿಡಿ.

ನಿನ್ನೆ ಬಿಸಿಲು ನೆತ್ತಿಗೆ ಬಂದಾಗ, ರಾಡಿ ಕೂರುವವರೆಗೆ ಕಾದು, ಬಿದಿರನ್ನು ಇನ್ನಷ್ಟು ಕೆಳಗಿಳಿಸಿ ಎಳೆದೆವು. ತಳ ಕಂಡಿತು! ಗರಸಿನ ಹರಳು, ಒಂದು ಗುಟ್ಕಾ ಚೀಟಿ, ಯಾವಳದೋ ಪ್ಲಾಸ್ಟಿಕ್ ಬಳೆ. ಅದರ ಪಕ್ಕಕ್ಕೇ ಏನೋ ಕಪ್ಪಾಗಿದೆ. ನೆರಳೋ ತಗ್ಗೋ ತಿಳಿಯುವಷ್ಟರಲ್ಲಿ ಕ್ಯಾಮೆರಾದ ಚಾರ್ಜ್ ಮುಗಿಯಿತು. ಮಾವನಿಗೆ ತೋರಿಸಹೋದರೆ, "ಆ ಬೆಂಕಿಪೊಟ್ಣ ನನಗ ಕೆರಿ ಕಲಸ್ತೈತೇನು? ಶನಿವಾರ ನಾನ ಮೊದಲ ಇಳೀತೇನಿ, ನೋಡ್ಕೋತ ನಿಂದ್ರು" ಎಂದು ಎದ್ದು ಹೋದರು. ಕೇಳಿದಿರಾ? ಈ ಕಡೆಯಿಂದ ಅವರು, ಆ ಕಡೆಯಿಂದ ನೀವು. ಇಬ್ಬರಿಗೂ ಹಟ ಒಂದೇ ಅಚ್ಚಿನದು, ನಡುವೆ ದಂಡೆಯಲ್ಲಿ ನಿಂತು ಬಡಿದುಕೊಳ್ಳುವವಳು ನಾನು.

ನಿಮ್ಮ ಕಾಲಿಗೆ ಬೀಳುತ್ತೇನೆ, ಹಿಂಡನ್ನು ಕೆರೆಗೆ ತರಬೇಡಿ. ಯಂಕಪ್ಪನ ಬೀಳು ಹೊಲದಲ್ಲಿ ನಿಲ್ಲಿಸಿ ಮೊದಲು ಮನೆಗೆ ಬನ್ನಿ, ಚಹಾ ಕುಡಿಯಿರಿ, ಈ ವಿಡಿಯೋ ನೋಡಿ. ಈ ವರ್ಷ ಮೈಲಿಗೆ ಕುರಿಯೇ ಊರೊಳಗೆ ಬರಲಿ, ದೇವರು ಸಿಟ್ಟಾದರೆ ನಾನು ತಪ್ಪು ಕಾಣಿಕೆ ಕಟ್ಟುತ್ತೇನೆ. ನಿಮ್ಮನ್ನೂ ನಿಮ್ಮ ಬೆನ್ನಿಗಿರುವ ಮೂಕಪ್ರಾಣಿಗಳನ್ನೂ ಮಾಳಿಂಗರಾಯ ಕಾಯಲಿ. ಗುಂಡ್ಯಾನಿಗೆ ನನ್ನ ಹೆಸರಲ್ಲಿ ಒಂದು ರೊಟ್ಟಿ ತಿನ್ನಿಸಿ.

ನಿಮ್ಮ
ಕಾವೇರಿ

ತಾ.ಕ.: ಕಾಗದ ಮಡಚಿಟ್ಟಿದ್ದೆ. ಯಂಕಪ್ಪ ಉಂಡು ಹೊರಡುತ್ತೇನೆಂದ, ಅಷ್ಟರಲ್ಲಿ ನಾನೂ ಶೆಟ್ಟೆವ್ವನೂ ಇನ್ನೊಮ್ಮೆ ಎಳೆದೆವು. ಈ ಸಲ ಸ್ವಚ್ಛ ಬಂದಿದೆ. ಅದು ನೆರಳಲ್ಲ. ನೆಲ ಕತ್ತರಿಸಿದ ಹಾಗೆ ಮುಗಿದುಹೋಗಿದೆ, ಗೋಡೆಯ ಮೇಲೆ ಜೆಸಿಬಿಯ ಹಲ್ಲು ಕೆರೆದ ಗುರುತುಗಳು ಸಾಲಾಗಿವೆ. ಅದರ ಕೆಳಗೆ ಬೆಳಕು ಮುಟ್ಟುವುದೇ ಇಲ್ಲ. ಮಾವನ ಕಲ್ಲು ಬಿದ್ದದ್ದು ನಡುವೆ ಉಳಿದ ಚಕ್ಕಡಿಯಗಲದ ದಿಬ್ಬದ ಮೇಲೆ. ನೀವು ಇಳಿಯುವ ಜಾಗದಲ್ಲೇ ಅದರ ಎರಡೂ ಮಗ್ಗುಲಿಗೆ ನೆಲವಿಲ್ಲ. ಓಡಿ ಬಂದು ಮಾವನ ಮುಂದೆ ಫೋನ್ ಹಿಡಿದೆ. ನೋಡಿದರು. "ಮತ್ತೊಮ್ಮೆ ಹಚ್ಚವ್ವಾ" ಎಂದರು. ಮತ್ತೊಮ್ಮೆ ನೋಡಿದರು. ಆಮೇಲೆ ಸೊಪ್ಪು ಕೊಯ್ಯುವ ದೋಟಿ ಹೆಗಲಿಗಿಟ್ಟುಕೊಂಡು ಕೆರೆಗೆ ನಡೆದರು. ನೀವು ಇಳಿಯುವಲ್ಲಿ ಅದನ್ನು ನೆಟ್ಟು, ತಲೆಯ ಕೆಂಪು ರುಮಾಲು ಬಿಚ್ಚಿ ಅದರ ತುದಿಗೆ ಕಟ್ಟಿದರು. ಬೀಗರ ಮನೆಯಲ್ಲೂ ರುಮಾಲು ತೆಗೆಯದವರು, ಊರ ನಡುವಿನಿಂದ ಬರಿದಲೆಯಲ್ಲಿ ನಡೆದು ಬಂದರು. ಯಂಕಪ್ಪ ಹಾರ್ನ್ ಹೊಡೆಯುತ್ತಿದ್ದಾನೆ. ದೋಟಿಯ ಮೇಲೆ ಆ ರುಮಾಲು ಕಂಡು ಅಪ್ಪ ನೀರಿಗೆ ಬಿದ್ದನೆಂದುಕೊಂಡು ಹುಡುಕಲು ಇಳಿದೀರಿ ಮತ್ತೆ! ಅವರಿಗೇನೂ ಆಗಿಲ್ಲ, ಕಟ್ಟೆಯ ಮೇಲೆ ಕೂತಿದ್ದಾರೆ. ಕೆಂಪು ಕಂಡ ಕೂಡಲೇ ಗುಂಡ್ಯಾನ ಹಗ್ಗ ಬಿಗಿಹಿಡಿದು ಅಲ್ಲೇ ನಿಂತುಬಿಡಿ.